ಗಂಟಲ ಪಸೆ

ಚೈತ್ರ ಮಾಸ ಕಾಲಿಟ್ಟಿತೆಂದರೆ ಕಲಬುರಗಿಯ ದಿನಚರಿಯೇ ಬದಲಾಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವ ಏರ್ಪಾಡು ಬಹುಕಾಲದಿಂದ ನಡೆದುಬಂದಿದೆ. ಉಷ್ಣತೆ ಎಷ್ಟೋ ದಿನ 42 ಡಿಗ್ರಿ ಸೆಲ್ಸಿಯಸನ್ನು ದಾಟುತ್ತದೆ. ಮಧ್ಯಾಹ್ನದ ಗಾಳಿಯಲ್ಲಿ ತೇವಾಂಶ ಬಹಳ ಕಡಿಮೆ. ಜೇವರ್ಗಿ ಕಾಲೋನಿಯಂತಹ ಬಡಾವಣೆಗಳಲ್ಲಿ ತರಕಾರಿಯನ್ನೋ ಕಮಲಾಪುರದ ಕೆಂಪು ಬಾಳೆಹಣ್ಣನ್ನೋ ಮಾರುವವರು ಹೊತ್ತೇರುವ ಮೊದಲೇ ಕೈಗಾಡಿ ತಳ್ಳಿಕೊಂಡು ಸುತ್ತಬೇಕಾಗುತ್ತದೆ. ಮೊದಲ ಓಣಿಯಲ್ಲಿ ಅಡುಗೆಮನೆಯವರೆಗೂ ಸ್ಪಷ್ಟವಾಗಿ ಕೇಳಿಸುವ ಕೂಗು ಹತ್ತಾರು ಓಣಿಗಳನ್ನು ಸುತ್ತುವಷ್ಟರಲ್ಲಿ ಒಡೆದು ಗೊಗ್ಗರು ದನಿಯಾಗುತ್ತದೆ. ಈಚಿನ ವರ್ಷಗಳಲ್ಲಿ ಕೆಲವರು ತಮ್ಮ ಕೂಗನ್ನು ಮುದ್ರಿಸಿಕೊಂಡು ಪುಟ್ಟ ಧ್ವನಿವರ್ಧಕದಿಂದ ಹೊರಡಿಸುವುದುಂಟು. ಆ ಯಂತ್ರವು ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಕೂಗಬಲ್ಲದು. ಮನುಷ್ಯನಿಗೆ ಅದು ಸಾಧ್ಯವಾಗದಿರುವುದೇಕೆ?

ಅದಕ್ಕೆ ಉತ್ತರದ ಒಂದು ತುಣುಕು ಕನ್ನಡ ನುಡಿಯಲ್ಲಿಯೇ ಅಡಗಿದೆ. ಭಯದಿಂದಲೋ ಬಳಲಿಕೆಯಿಂದಲೋ ಮಾತು ಹೊರಡದಾದಾಗ ‘ಗಂಟಲ ಪಸೆ ಆರಿತು’ ಎನ್ನುತ್ತಾರೆ. ಪಸೆ ಎಂದರೆ ತೇವ, ಒದ್ದೆ. ದಕ್ಷಿಣದ ಜಿಲ್ಲೆಗಳಲ್ಲಿ ‘ಬಾಯಾರಿಕೆ’ ಎನ್ನುವುದನ್ನು ಕಲಬುರಗಿಯ ಕಡೆ ‘ನೀರಡಿಕೆ’ ಎನ್ನುತ್ತಾರೆ. ಮಾತಿಗೂ ನೀರಿಗೂ ಇರುವ ನಂಟನ್ನು ಜನ ಹೀಗೆ ಎಂದೋ ಕಂಡುಕೊಂಡಿದ್ದರು. ಆದರೆ ಆರುವ ಪಸೆ ಯಾವುದು, ಅದು ಎಲ್ಲಿದೆ, ಅದು ಆರಿದಾಗ ದನಿ ಏಕೆ ಕೆಡುತ್ತದೆ ಎಂಬುದು ತಿಳಿದದ್ದು ಈಚೆಗೆ.

ಮನುಷ್ಯನ ದನಿ ಹುಟ್ಟುವ ಸ್ಥಳವನ್ನು ಜೀವಂತ ವ್ಯಕ್ತಿಯಲ್ಲಿ ಕಣ್ಣಾರೆ ಕಂಡು ವಿವರಿಸಿದವರಲ್ಲಿ ಪ್ರಸಿದ್ಧನಾದವನು ವೈದ್ಯನಲ್ಲ, ಸಂಗೀತದ ಉಪಾಧ್ಯಾಯ. ಸ್ಪೇನ್ ದೇಶದ ಮೂಲದ ಮಾನುಯೆಲ್ ಗಾರ್ಸಿಯಾ 1854ರಲ್ಲಿ ಹಲ್ಲಿನ ವೈದ್ಯರು ಬಳಸುವಂತಹ ಉದ್ದ ಹಿಡಿಯ ಸಣ್ಣ ಕನ್ನಡಿಯೊಂದನ್ನು ತನ್ನ ಗಂಟಲಿನ ಹಿಂಭಾಗದಲ್ಲಿರಿಸಿ, ಇನ್ನೊಂದು ಕನ್ನಡಿಯಿಂದ ಸೂರ್ಯನ ಬೆಳಕನ್ನು ಅದರ ಮೇಲೆ ಬೀಳಿಸಿ, ಹಾಡುತ್ತಿರುವಾಗ ತನ್ನ ಧ್ವನಿತಂತುಗಳು ತೆರೆದು ಮುಚ್ಚುವುದನ್ನು ನೋಡಿದನು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅವನು ಒಪ್ಪಿಸಿದ ವರದಿಯು ಕಂಠಶಾಸ್ತ್ರಕ್ಕೆ ಹೊಸ ಹಾದಿಯನ್ನು ತೆರೆಯಿತು.

ಧ್ವನಿತಂತು ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದು. ಅದನ್ನು ಕೇಳಿದೊಡನೆ ವೀಣೆಯ ತಂತಿಯಂತಹ ಎಳೆಯೊಂದು ಕಣ್ಣೆದುರು ಬರುತ್ತದೆ. ವಾಸ್ತವದಲ್ಲಿ ಅವು ಶ್ವಾಸನಾಳದ ಮೇಲ್ತುದಿಯಲ್ಲಿರುವ ಧ್ವನಿಪೆಟ್ಟಿಗೆಯ ಒಳಗೆ, ಎಡಕ್ಕೊಂದು ಬಲಕ್ಕೊಂದರಂತೆ ಇರುವ ಮೆತ್ತನೆಯ ಮಡಿಕೆಗಳು. ವಯಸ್ಕ ಗಂಡಸರಲ್ಲಿ ಅವುಗಳ ಉದ್ದ ಸುಮಾರು 17ರಿಂದ 25 ಮಿಲಿಮೀಟರ್. ಹೆಂಗಸರಲ್ಲಿ ಇನ್ನೂ ಕಡಿಮೆ. ಸುಮ್ಮನೆ ಉಸಿರಾಡುವಾಗ ಅವು ಅಗಲಿ ನಿಂತು ಗಾಳಿಗೆ ದಾರಿ ಬಿಡುತ್ತವೆ. ಮಾತನಾಡಹೊರಟಾಗ ಒಂದರ ಸಮೀಪಕ್ಕೊಂದು ಬರುತ್ತವೆ; ಪುಪ್ಪುಸಗಳಿಂದ ಮೇಲೇರಿ ಬರುವ ಗಾಳಿ ಅವುಗಳನ್ನು ತಳ್ಳಿ ತೆರೆಯುತ್ತದೆ; ತೆರೆದೊಡನೆಯೇ ಅವು ಮತ್ತೆ ಮುಚ್ಚಿಕೊಳ್ಳುತ್ತವೆ. ಈ ತೆರೆದು ಮುಚ್ಚುವ ಕ್ರಿಯೆ ಗಂಡಸರ ಸಾಮಾನ್ಯ ಮಾತಿನಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ ನಡೆಯುತ್ತದೆ. ಶಿಕ್ಷಕಿಯೊಬ್ಬರ ದಿನದ ಪಾಠಗಳಲ್ಲಿ ನಿಲುಗಡೆಗಳನ್ನೆಲ್ಲ ಕಳೆದು ದನಿ ಹೊರಟ ಕಾಲವನ್ನಷ್ಟೇ ಕೂಡಿಸಿದರೆ ಎರಡು ಗಂಟೆಯಾಯಿತೆನ್ನೋಣ. ಅಷ್ಟರಲ್ಲಿ ಆ ಮಡಿಕೆಗಳು 14,40,000 ಬಾರಿ ಒಂದನ್ನೊಂದು ತಾಗಿರುತ್ತವೆ. ಅಂಗೈಗಳನ್ನು ಅಷ್ಟು ಸಲ ತಟ್ಟಿದರೆ ಚರ್ಮ ಉಳಿಯುವುದೇ ಎಂದು ಯಾರಿಗಾದರೂ ಸಂದೇಹ ಬಾರದಿರದು.

ಧ್ವನಿತಂತುಗಳು ಉಳಿಯುವುದು ಅವುಗಳ ರಚನೆಯಿಂದ. 1974ರಲ್ಲಿ ಜಪಾನಿನ ವೈದ್ಯ ಮಿನೋರು ಹಿರಾನೊ ಅವುಗಳ ಪದರಗಳನ್ನು ವಿಂಗಡಿಸಿ ತೋರಿಸಿದರು. ಒಳಗಡೆ ಬಿಗಿಯಾದ ಸ್ನಾಯು. ಹೊರಗಡೆ ತೆಳುವಾದ ಹೊದಿಕೆ. ಹೊದಿಕೆಯ ಮೇಲ್ಮೈಯ ಕೆಳಗೆ ನೀರನ್ನು ಹೇರಳವಾಗಿ ಹಿಡಿದಿಟ್ಟುಕೊಂಡ, ಹೆಚ್ಚು ಕಡಿಮೆ ಲೋಳೆಸರದ ತಿರುಳಿನಂತಹ ಮೆತ್ತನೆಯ ಪದರವಿದೆ. ಮೇಲ್ಮೈಯ ಮೇಲೆ ತೆಳ್ಳನೆಯ ದ್ರವದ ಲೇಪವಿದೆ. ಮಾತನಾಡುವಾಗ ಸ್ನಾಯುವು ಹೆಚ್ಚು ಅಲುಗದು. ಅದರ ಮೇಲಿನ ಹೊದಿಕೆಯೇ ಕೆಳಗಿನಿಂದ ಮೇಲಕ್ಕೆ ಅಲೆಯಲೆಯಾಗಿ ಜಾರುತ್ತದೆ. ಆ ಅಲೆಯೇ ದನಿಯ ಮೂಲ.

ಬೇಸಗೆಯಲ್ಲಿ ಈ ಭಾಗದ ಮನೆಗಳಲ್ಲಿ ಕುಡಿಯುವ ಜೋಳದ ಅಂಬಲಿಯಿಂದ ಇದನ್ನು ಅರಿತುಕೊಳ್ಳಬಹುದು. ತೆಳ್ಳಗಿನ ಅಂಬಲಿ ತುಂಬಿದ ಬಟ್ಟಲನ್ನು ಮೆಲ್ಲನೆ ಅಲುಗಿಸಿದರೆ ಅಲೆ ಎದ್ದು ಅಂಚಿನವರೆಗೆ ಹೋಗುತ್ತದೆ. ಅದೇ ಅಂಬಲಿ ಗಟ್ಟಿಯಾಗಿದ್ದರೆ ಅಲೆ ಎದ್ದಲ್ಲಿಯೇ ಅಡಗುತ್ತದೆ; ಅಲೆಯನ್ನು ಎಬ್ಬಿಸಲು ಬಟ್ಟಲನ್ನು ಜೋರಾಗಿ ಕುಲುಕಬೇಕಾಗುತ್ತದೆ. ದ್ರವದ ಈ ಗುಣಕ್ಕೆ ಭೌತವಿಜ್ಞಾನದಲ್ಲಿ ಸ್ನಿಗ್ಧತೆ ಎಂದು ಹೆಸರು. ನೀರು ಕಡಿಮೆಯಾದಷ್ಟೂ ಧ್ವನಿತಂತುಗಳ ಹೊದಿಕೆಯ ಸ್ನಿಗ್ಧತೆ ಹೆಚ್ಚುತ್ತದೆ. ಆಗ ಅಲೆ ಏಳಲು ಕೆಳಗಿನಿಂದ ಗಾಳಿಯನ್ನು ಹೆಚ್ಚು ಬಲವಾಗಿ ಒತ್ತಬೇಕು. ಮೇಲಿನ ಲೋಳೆಯೂ ದಪ್ಪಗಾಗಿ ಅಂಟಿಕೊಳ್ಳುತ್ತದೆ. ಏನೋ ಸಿಕ್ಕಿಕೊಂಡಂತೆನಿಸಿ ಮನುಷ್ಯ ಪದೇ ಪದೇ ಕೆಮ್ಮಿ, ಕ್ಯಾಕರಿಸಿ ಗಂಟಲನ್ನು ಸರಿಪಡಿಸಿಕೊಳ್ಳಲು ನೋಡುತ್ತಾನೆ. ಹಾಗೆ ಕ್ಯಾಕರಿಸುವಾಗ ಮೊದಲೇ ಒಣಗಿದ ತಂತುಗಳು ಒಂದಕ್ಕೊಂದು ರಭಸದಿಂದ ಬಡಿದುಕೊಳ್ಳುತ್ತವೆ. ಸರಿಪಡಿಸುವ ಉಪಾಯವೇ ಕೆಡಿಸುವ ಕಾರಣವಾಗುವುದು ಹೀಗೆ.

ದನಿ ಹೊರಡಲು ಬೇಕಾದ ಕನಿಷ್ಠ ಒತ್ತಡವನ್ನು ಅಳೆಯಬಹುದು. ಆರೋಗ್ಯವಂತನು ಮೆಲುದನಿಯಲ್ಲಿ ಮಾತನಾಡಲು ಸುಮಾರು 3ರಿಂದ 5 ಸೆಂಟಿಮೀಟರ್ ಎತ್ತರದ ನೀರಿನ ಕಂಬದಷ್ಟು ಒತ್ತಡ ಸಾಕು. ಅದು ಎಷ್ಟೆಂದು ತಿಳಿಯಲು ಪ್ರಯೋಗಶಾಲೆ ಬೇಕಾಗಿಲ್ಲ. ಲೋಟದ ನೀರಿನಲ್ಲಿ ಹೀರುಕೊಳವೆಯ ತುದಿಯನ್ನು 4 ಸೆಂಟಿಮೀಟರ್ ಆಳಕ್ಕೆ ಮುಳುಗಿಸಿ ಮೆಲ್ಲಗೆ ಊದಿ ಗುಳ್ಳೆ ಎಬ್ಬಿಸಿದರೆ, ಬಾಯಿಯಲ್ಲಿ ಉಂಟಾದ ಒತ್ತಡ ಅಷ್ಟೇ. ಕೊಳವೆಯನ್ನು ಇನ್ನೆರಡು ಸೆಂಟಿಮೀಟರ್ ಕೆಳಗಿಳಿಸಿದರೆ ಊದುವ ಶ್ರಮ ಹೆಚ್ಚಿದುದು ಅರಿವಿಗೆ ಬರುತ್ತದೆ. ಅಮೆರಿಕದ ಸಂಶೋಧಕರಾದ ಕ್ಯಾಥರಿನ್ ವೆರ್ಡೊಲಿನಿ, ಇಂಗೊ ಟಿಟ್ಸೆ ಮತ್ತು ಅವರ ಸಂಗಡಿಗರು 1990 ಮತ್ತು 1994ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನೇ ಪರೀಕ್ಷಿಸಿದರು. ಅದೇ ವ್ಯಕ್ತಿಗಳನ್ನು ಒಮ್ಮೆ ತೇವದ ಗಾಳಿಯಲ್ಲಿರಿಸಿ, ಧಾರಾಳವಾಗಿ ನೀರು ಕುಡಿಸಿ, ಇನ್ನೊಮ್ಮೆ ಒಣ ಗಾಳಿಯಲ್ಲಿರಿಸಿ ದೇಹದ ನೀರನ್ನು ತಗ್ಗಿಸಿ ಒತ್ತಡವನ್ನು ಅಳೆದರು. ನೀರು ಕಡಿಮೆಯಾದಾಗ ದನಿಗೆ ಬೇಕಾದ ಒತ್ತಡ ಏರಿತು. ಅದರಲ್ಲಿಯೂ ಎತ್ತರದ ಸ್ವರಗಳಲ್ಲಿ ಈ ಏರಿಕೆ ಸ್ಪಷ್ಟವಾಗಿತ್ತು. ದಣಿದ ಹಾಡುಗಾರನಿಗೆ ಮೊದಲು ಕೈಕೊಡುವುದು ತಾರಸ್ಥಾಯಿ ಎಂಬ ಅನುಭವಕ್ಕೆ ಇದು ಹೊಂದಿಕೊಳ್ಳುತ್ತದೆ.

ಹಾಂಗ್‌ಕಾಂಗ್‌ನಲ್ಲಿ ಯಿಯು ಮತ್ತು ಚಾನ್ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನವೂ ಸ್ವಾರಸ್ಯಕರವಾಗಿದೆ. ಮುದ್ರಿತ ವಾದ್ಯಸಂಗೀತಕ್ಕೆ ದನಿಗೂಡಿಸಿ ಹಾಡುವ ಹವ್ಯಾಸಿ ತರುಣ ತರುಣಿಯರನ್ನು ಅವರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪ್ರತಿ ಹಾಡಿನ ಬಳಿಕ 100 ಮಿಲಿಲೀಟರ್ ನೀರು ಮತ್ತು ಒಂದು ನಿಮಿಷದ ವಿಶ್ರಾಂತಿ. ಇನ್ನೊಂದು ಗುಂಪಿಗೆ ಎರಡೂ ಇಲ್ಲ. ಮೊದಲ ಗುಂಪಿನವರು ಗಮನಾರ್ಹವಾಗಿ ಹೆಚ್ಚು ಹೊತ್ತು ಹಾಡಬಲ್ಲವರಾದರು. ಆದರೆ ಇಲ್ಲಿ ಜಾಣ ವಿದ್ಯಾರ್ಥಿಯು ಒಂದು ಪ್ರಶ್ನೆ ಕೇಳಬೇಕು: ಲಾಭವಾದದ್ದು ನೀರಿನಿಂದಲೋ, ವಿಶ್ರಾಂತಿಯಿಂದಲೋ? ಎರಡನ್ನೂ ಒಟ್ಟಿಗೆ ಕೊಟ್ಟುದರಿಂದ ಈ ಪ್ರಯೋಗವೊಂದೇ ಅದನ್ನು ಬೇರ್ಪಡಿಸಿ ಹೇಳಲಾರದು. ಬೈರುತ್ ನಗರದ ವೈದ್ಯರು ಬೇರೊಂದು ದಾರಿ ಹಿಡಿದರು. ಉಪವಾಸದ ದಿನಗಳಲ್ಲಿ ಹಗಲೆಲ್ಲ ನೀರನ್ನು ಮುಟ್ಟದ ಹೆಂಗಸರ ದನಿಯನ್ನು ಪರೀಕ್ಷಿಸಿ 2007ರಲ್ಲಿ ವರದಿ ಮಾಡಿದರು. ಉಪವಾಸವಿದ್ದಾಗ ದನಿ ಬೇಗ ದಣಿಯುತ್ತಿತ್ತು. ಮಾತಿಗೆ ಹೆಚ್ಚು ಪ್ರಯತ್ನ ಬೇಕಾಗುತ್ತಿತ್ತು.

ಇಷ್ಟು ಕೇಳಿದವರು, ಗಂಟಲೊಣಗಿದಾಗ ಒಂದು ಗುಟುಕು ನೀರು ಕುಡಿದರೆ ಧ್ವನಿತಂತುಗಳು ನೆನೆದು ಸರಿಹೋಗುತ್ತವೆ ಎಂದುಕೊಳ್ಳುವುದು ಸಹಜ. ಭಾಷಣಕಾರರ ಮುಂದೆ ನೀರಿನ ಲೋಟ ಇರಿಸುವ ವಾಡಿಕೆಯೂ ಹಾಗೆಯೇ ತೋರಿಸುತ್ತದೆ. ನಿಜವೇನೆಂದರೆ ಕುಡಿದ ನೀರಿನ ಒಂದು ಹನಿಯೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಮುಟ್ಟಬಾರದು ಕೂಡ. ನುಂಗುವಾಗ ಧ್ವನಿಪೆಟ್ಟಿಗೆ ಮೇಲಕ್ಕೆ ಸರಿದು, ಎಲೆಯಾಕಾರದ ಮುಚ್ಚಳವೊಂದು ಅದರ ಬಾಯಿಯನ್ನು ಮರೆಮಾಡಿ, ನೀರು ಹಿಂದಿನ ಅನ್ನನಾಳಕ್ಕೆ ಇಳಿಯುತ್ತದೆ. ಅಪ್ಪಿತಪ್ಪಿ ಹನಿಯೊಂದು ದಾರಿ ತಪ್ಪಿದರೆ ನೆತ್ತಿಗೇರಿತೆಂದು ಕೆಮ್ಮಿ ಕಣ್ಣೀರಿಡುತ್ತಾರೆ. ಗುಟುಕು ನೀರಿನಿಂದ ಬಾಯಿ ಮತ್ತು ಗಂಟಲಿನ ಮೇಲ್ಭಾಗ ಒದ್ದೆಯಾಗಿ ಹಿತವೆನಿಸುತ್ತದೆ, ಅಷ್ಟೆ. ಕಲ್ಲುಸಕ್ಕರೆ, ಜ್ಯೇಷ್ಠಮಧು, ಶುಂಠಿ ಇವುಗಳ ಉಪಕಾರವೂ ಮುಖ್ಯವಾಗಿ ಜೊಲ್ಲನ್ನು ಹೆಚ್ಚಿಸುವುದರಲ್ಲಿದೆ. ಅದನ್ನು ತುಚ್ಛವಾಗಿ ಕಾಣಬೇಕಾಗಿಲ್ಲ; ನಾಲ್ಕು ಬಾರಿ ಜೊಲ್ಲು ನುಂಗಿದವನು ನಾಲ್ಕು ಬಾರಿ ಕ್ಯಾಕರಿಸುವುದನ್ನು ತಪ್ಪಿಸಿಕೊಂಡಂತೆ.

ಹಾಗಾದರೆ ಧ್ವನಿತಂತುಗಳಿಗೆ ನೀರು ಸೇರುವ ದಾರಿ ಯಾವುದು? ಒಳಗಿನ ದಾರಿ ರಕ್ತದ್ದು. ಕುಡಿದ ನೀರು ಕರುಳಿನಿಂದ ಹೀರಲ್ಪಟ್ಟು, ರಕ್ತವನ್ನು ಸೇರಿ, ದೇಹದ ಎಲ್ಲ ಅಂಗಾಂಶಗಳೊಡನೆ ಪಾಲು ಹಂಚಿಕೊಂಡು ಅಲ್ಲಿಗೆ ತಲುಪಬೇಕು. ಹೊರಗಿನ ದಾರಿ ಉಸಿರಿನದು. ಬಿಸಿನೀರಿನ ಹಬೆಯನ್ನು ಸೇದಿದಾಗ ತೇವ ನೇರವಾಗಿ ತಂತುಗಳನ್ನು ಮುಟ್ಟುತ್ತದೆ. ಆದರೆ ಉಸಿರು ನೀರನ್ನು ತರುವುದಕ್ಕಿಂತ ಒಯ್ಯುವುದೇ ಹೆಚ್ಚು. ಕಲಬುರಗಿಯ ಬೇಸಗೆಯ ಗುಟ್ಟು ಇರುವುದು ಇಲ್ಲಿಯೇ.

ಪುಪ್ಪುಸವನ್ನು ಮುಟ್ಟುವ ಗಾಳಿ ದೇಹದ ಉಷ್ಣತೆಗೆ ಬಂದು, ತೇವದಿಂದ ಪೂರ್ಣವಾಗಿ ತುಂಬಿರಬೇಕು. 37 ಡಿಗ್ರಿಯ ಅಂತಹ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 44 ಗ್ರಾಂ ನೀರಿನ ಆವಿ ಇರುತ್ತದೆ. ಹೊರಗೆ 40 ಡಿಗ್ರಿ ಬಿಸಿಲಿದ್ದು ಸಾಪೇಕ್ಷ ಆರ್ದ್ರತೆ ಶೇಕಡಾ 20 ಇದ್ದರೆ, ಆ ಗಾಳಿಯ ಒಂದು ಘನಮೀಟರಿನಲ್ಲಿ ಇರುವುದು ಸುಮಾರು 10 ಗ್ರಾಂ ಮಾತ್ರ. ಉಳಿದ 34 ಗ್ರಾಮನ್ನು ಮೂಗು, ಗಂಟಲು, ಧ್ವನಿಪೆಟ್ಟಿಗೆ ಮತ್ತು ಶ್ವಾಸನಾಳಗಳ ಒದ್ದೆ ಗೋಡೆಗಳು ಕೊಡಬೇಕು. ಕಡಲ ತಡಿಯ ಮಂಗಳೂರಿನಲ್ಲಿ 33 ಡಿಗ್ರಿ ಉಷ್ಣತೆ, ಶೇಕಡಾ 65 ಆರ್ದ್ರತೆ ಇದೆಯೆನ್ನೋಣ. ಅಲ್ಲಿ ದೇಹ ಕೊಡಬೇಕಾದುದು ಸುಮಾರು 21 ಗ್ರಾಂ. ಮಂಗಳೂರಿನವನು ಮೈಯೆಲ್ಲ ಬೆವರಿ ಕಷ್ಟಪಟ್ಟರೂ ಅವನ ಗಂಟಲು ಕಲಬುರಗಿಯವನ ಗಂಟಲಿಗಿಂತ ಸುಖವಾಗಿದೆ. ಹೊರಬರುವ ಉಸಿರಿನಿಂದ ಮೂಗು ಒಂದಿಷ್ಟು ತೇವವನ್ನು ಮರಳಿ ಹಿಡಿದುಕೊಳ್ಳುತ್ತದೆ; ಆದುದರಿಂದ ನಷ್ಟ ಲೆಕ್ಕದಷ್ಟು ಆಗದು. ಆದರೆ ಮೂಗಿನ ಈ ಉಪಕಾರ ಸುಮ್ಮನಿರುವವನಿಗೆ ಸಿಗುವಷ್ಟು ಮಾತುಗಾರನಿಗೆ ಸಿಗದು. ವಾಕ್ಯ ವಾಕ್ಯಗಳ ನಡುವೆ ಬೇಗ ಬೇಗ ಉಸಿರೆಳೆದುಕೊಳ್ಳಬೇಕಾದವನು ಬಾಯಿಯಿಂದಲೇ ಎಳೆದುಕೊಳ್ಳುತ್ತಾನೆ. ಒಣಗಾಳಿ ಮೂಗಿನ ಸುತ್ತುದಾರಿಯನ್ನು ಬಿಟ್ಟು ನೇರವಾಗಿ ಧ್ವನಿತಂತುಗಳ ಮೇಲೆ ಹಾಯುತ್ತದೆ. ಕೂಗಿ ಮಾರುವವನಿಗೂ, ಪಾಠ ಹೇಳುವವರಿಗೂ, ಇರುಳೆಲ್ಲ ದೊಡ್ಡಾಟ ಆಡುವವರಿಗೂ ಒದಗುವ ಕಷ್ಟ ಇದೇ.

ಮನೆ ತಂಪು ಮಾಡುವ ಯಂತ್ರಗಳಲ್ಲಿಯೂ ಈ ದೃಷ್ಟಿಯಿಂದ ಭೇದವಿದೆ. ಕಲಬುರಗಿಯ ಮನೆಗಳ ಕಿಟಕಿಗಳಲ್ಲಿ ಬೇಸಗೆಯಲ್ಲಿ ಕಾಣುವ ಕೂಲರ್ ಒದ್ದೆ ಚಾಪೆಯ ಮೂಲಕ ಗಾಳಿಯನ್ನು ಹಾಯಿಸುತ್ತದೆ. ಗಾಳಿ ತಂಪಾಗುವುದರ ಜೊತೆಗೆ ತೇವವೂ ಆಗುತ್ತದೆ. ಹಿಂದೆ ಲಾವಂಚದ ತಟ್ಟಿಗೆ ನೀರು ಚಿಮುಕಿಸುತ್ತಿದ್ದುದೂ ಇದೇ ತತ್ತ್ವದ ಮೇಲೆ. ಹವಾನಿಯಂತ್ರಣ ಯಂತ್ರವಾದರೋ ಗಾಳಿಯಲ್ಲಿರುವ ಆವಿಯನ್ನು ನೀರಾಗಿಸಿ ಹೊರಗೆ ತೊಟ್ಟಿಕ್ಕಿಸುತ್ತದೆ. ಅಗ್ಗದ ಯಂತ್ರ ಗಂಟಲಿಗೆ ಹಿತವಾಗಿಯೂ ದುಬಾರಿಯ ಯಂತ್ರ ಅಹಿತವಾಗಿಯೂ ಇರುವ ಅಪರೂಪದ ಸಂದರ್ಭ ಇದು.

ಇನ್ನು ರಕ್ತದ ದಾರಿಯ ವಿಚಾರ. ಬಿಸಿಲಿನಲ್ಲಿ ದುಡಿಯುವವನು ಗಂಟೆಗೆ ಒಂದು ಲೀಟರಿನಷ್ಟು ಬೆವರುವುದು ಅಸಾಧ್ಯವಲ್ಲ. ರಕ್ತ ಸಾಂದ್ರವಾಗುತ್ತಿದ್ದಂತೆ ಮೆದುಳು ಅದನ್ನು ಗ್ರಹಿಸಿ, ಮೂತ್ರಪಿಂಡಗಳಿಗೆ ನೀರನ್ನು ಉಳಿಸುವಂತೆ ಆಜ್ಞೆ ಕಳುಹಿಸಿ, ನೀರಡಿಕೆಯನ್ನು ಹುಟ್ಟಿಸುತ್ತದೆ. ಆದರೆ ನೀರಡಿಕೆ ತಡವಾಗಿ ಬರುವ ದೂತ. ದೇಹದ ತೂಕದ ಶೇಕಡಾ 1ರಿಂದ 2ರಷ್ಟು ನೀರು ಹೋದ ಬಳಿಕ ಅದು ಬಾಗಿಲು ತಟ್ಟುತ್ತದೆ. 50 ಕಿಲೋಗ್ರಾಂ ತೂಕದವನಲ್ಲಿ ಅದು ಅರ್ಧ ಲೀಟರಿನಿಂದ ಒಂದು ಲೀಟರು. ಆಗ ಕುಡಿದ ನೀರು ಕೆಲವು ನಿಮಿಷಗಳಲ್ಲಿಯೇ ರಕ್ತವನ್ನು ಸೇರತೊಡಗಿದರೂ, ಕೊರತೆ ತುಂಬಿ ಅಂಗಾಂಶಗಳೆಲ್ಲ ತಣಿಯಲು ಹೊತ್ತು ಹಿಡಿಯುತ್ತದೆ. ಆದುದರಿಂದಲೇ ಅನುಭವಿಗಳಾದ ಗಾಯಕರು ಕಛೇರಿಯ ನಡುವೆ ಕುಡಿಯುವುದಕ್ಕಿಂತ ಕಛೇರಿಗೆ ಮುಂಚೆ, ದಿನವಿಡೀ, ಸ್ವಲ್ಪ ಸ್ವಲ್ಪವಾಗಿ ಕುಡಿಯುವುದಕ್ಕೆ ಬೆಲೆ ಕೊಡುತ್ತಾರೆ. ಎಲ್ಲರಿಗೂ ಹೊಂದುವ ಅಳತೆಯೊಂದಿಲ್ಲ. ಮೂತ್ರದ ಬಣ್ಣ ತಿಳಿಯಾಗಿದ್ದರೆ ನೀರು ಸಾಕಷ್ಟಿದೆ, ಗಾಢ ಹಳದಿಯಾಗಿದ್ದರೆ ಸಾಲದು ಎಂಬುದು ಒಳ್ಳೆಯ ಗುರುತು. ಚಹಾ, ಕಾಫಿಗಳು ದನಿಯನ್ನು ಒಣಗಿಸುತ್ತವೆಂಬ ನಂಬಿಕೆ ಹಿಂದೆ ಬಲವಾಗಿತ್ತು. ಹಿತಮಿತವಾಗಿ ಕುಡಿದಾಗ ಹಾಗಾಗುತ್ತದೆಂಬುದಕ್ಕೆ ದೃಢವಾದ ಆಧಾರ ದೊರೆತಿಲ್ಲ. ಮಜ್ಜಿಗೆ, ಅಂಬಲಿ, ಉಪ್ಪು ಹಾಕಿದ ನಿಂಬೆಯ ಪಾನಕ ಇವು ಬೆವರಿನೊಡನೆ ಹೋದ ಲವಣವನ್ನೂ ತುಂಬಿಕೊಡುವುದರಿಂದ ಬಿಸಿಲ ನಾಡಿಗೆ ಹೇಳಿಮಾಡಿಸಿದಂತಿವೆ.

ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗಳಿಗೆ ದತ್ತಿ ಬಿಟ್ಟ ಸಂಗತಿ ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ಕಾಣಸಿಗುತ್ತದೆ. ಇಂದಿಗೂ ಹೋಳಿ ಹುಣ್ಣಿಮೆಯ ಬಳಿಕ ನಡೆಯುವ ಶರಣಬಸವೇಶ್ವರರ ಜಾತ್ರೆಯ ವೇಳೆಗೆ ಬಿಸಿಲು ಬಲಿತಿರುತ್ತದೆ. ರಥದ ಸುತ್ತ ಜಯಘೋಷ ಮಾಡುವ ಸಾವಿರಾರು ಕೊರಳುಗಳಿಗೆ ಹತ್ತಿರದಲ್ಲಿಯೇ ದೊರೆಯುವ ತಣ್ಣೀರು ಎಷ್ಟು ದೊಡ್ಡ ಆಸರೆಯೆಂಬುದನ್ನು ಅಲ್ಲಿ ನಿಂತವರೇ ಬಲ್ಲರು.

ದನಿಯ ಎಲ್ಲ ಕೇಡಿಗೂ ನೀರಿನ ಕೊರತೆಯೇ ಕಾರಣವಲ್ಲ. ನೆಗಡಿ, ಹೊಗೆಸೊಪ್ಪಿನ ಸೇವನೆ, ಹೊಟ್ಟೆಯ ಆಮ್ಲ ಮೇಲೇರುವುದು, ತಂತುಗಳ ಮೇಲೆ ಗಂಟು ಕಟ್ಟುವುದು, ಇನ್ನೂ ಗಂಭೀರವಾದ ರೋಗಗಳು ಸಹ ದನಿಯನ್ನು ಒಡೆಯಬಹುದು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಎಳೆಯ ಕಾಲದ ತೆಳುದನಿ ಟಾನ್ಸಿಲ್ ಚಿಕಿತ್ಸೆಯ ಅನಂತರ ಗಡುಸಾಯಿತು. ಆ ಗಡಸುದನಿಯನ್ನೇ ಅವರು ಕಿರಾನಾ ಗಾಯಕಿಯ ಗಾಂಭೀರ್ಯವನ್ನಾಗಿ ಪಳಗಿಸಿಕೊಂಡು, 2009ರಲ್ಲಿ ತೀರಿಕೊಳ್ಳುವವರೆಗೂ ಕನ್ನಡಿಗರ ಮನ್ನಣೆಗೆ ಪಾತ್ರರಾಗಿದ್ದರು. ಎಲ್ಲರ ಪಾಲಿಗೂ ಅಂತಹ ಭಾಗ್ಯವಿರುವುದಿಲ್ಲ. ಮೂರು ವಾರ ಕಳೆದರೂ ಕೂತ ದನಿ ಏಳದಿದ್ದರೆ ಮನೆಯ ಮದ್ದನ್ನು ಬದಿಗಿರಿಸಿ ಕಿವಿ, ಮೂಗು, ಗಂಟಲಿನ ವೈದ್ಯರನ್ನು ಕಾಣಲೇಬೇಕು.

ಕೊರಳಿನಿಂದ ಬದುಕುವವರಲ್ಲಿ ಶಿಕ್ಷಕರ ಸಂಖ್ಯೆ ದೊಡ್ಡದು. ಬೇರೆ ವೃತ್ತಿಯವರಿಗಿಂತ ಅವರಲ್ಲಿ ದನಿಯ ತೊಂದರೆ ಹೆಚ್ಚೆಂದು ಅನೇಕ ದೇಶಗಳ ಸಮೀಕ್ಷೆಗಳು ತಿಳಿಸಿವೆ. ಬೀಸಣಿಗೆಯ ಸದ್ದು, ಕಿಟಕಿಯಾಚೆಯ ವಾಹನಗಳ ಸದ್ದು, ಐವತ್ತು ಮಕ್ಕಳ ಗುಜುಗುಜು ಇವೆಲ್ಲವನ್ನೂ ಮೀರಿ ಕೊನೆಯ ಸಾಲಿಗೆ ಕೇಳಿಸಬೇಕಾದ ದನಿ ಅದು. ಆದರೂ ಶಾಲೆಯಲ್ಲಿ ಅತಿ ಕಡಿಮೆ ನೀರು ಕುಡಿಯುವವರು ಎಷ್ಟೋ ಸಲ ಅವರೇ, ಅದರಲ್ಲಿಯೂ ಶಿಕ್ಷಕಿಯರು. ಶುಚಿಯಾದ ಶೌಚಾಲಯವಿಲ್ಲದ ಕಡೆ ನೀರು ಕುಡಿಯದಿರುವುದನ್ನೇ ಅವರೂ ವಿದ್ಯಾರ್ಥಿನಿಯರೂ ರೂಢಿ ಮಾಡಿಕೊಂಡಿರುತ್ತಾರೆ. ಧ್ವನಿತಂತುವಿನ ಪಸೆಗೂ ಶಾಲೆಯ ಹಿತ್ತಿಲಿನ ಬಾಗಿಲಿಗೂ ಇಷ್ಟು ಸಮೀಪದ ಸಂಬಂಧವುಂಟೆಂದು ವೈದ್ಯಗ್ರಂಥಗಳನ್ನು ಓದಿದವರಿಗೂ ಒಮ್ಮೆಲೇ ಹೊಳೆಯದು.

2019ರಲ್ಲಿ ಕೇರಳದ ಶಾಲೆಗಳಲ್ಲಿ ದಿನಕ್ಕೆ ಕೆಲವು ಬಾರಿ ‘ನೀರಿನ ಗಂಟೆ’ ಬಾರಿಸುವ ಕ್ರಮ ಆರಂಭವಾಗಿ, ಕರ್ನಾಟಕದಲ್ಲಿಯೂ ಅದರ ಮಾತು ನಡೆಯಿತು. ಗಂಟೆ ಬಾರಿಸಿದಾಗ ಮಕ್ಕಳೆಲ್ಲ ಪಾಠವನ್ನು ನಿಲ್ಲಿಸಿ ನೀರು ಕುಡಿಯುವುದು ಅದರ ನಿಯಮ. ಹಾಗೆ ಎರಡನೆಯ ಅವಧಿಯ ಕೊನೆಯಲ್ಲಿ ಮೇಜಿನ ಮೇಲಿನ ಲೋಟವನ್ನು ಶಿಕ್ಷಕಿಯೂ ಎತ್ತಿಕೊಂಡರೆ, ಮೂರನೆಯ ಅವಧಿಯ ಪದ್ಯವನ್ನು ಓದಿ ಹೇಳುವ ಹೊತ್ತಿಗೆ ಆ ನೀರು ರಕ್ತದೊಡನೆ ಗಂಟಲಿನ ಕಡೆಗೆ ಹೊರಟಿರುತ್ತದೆ.